ವೈರಲ್ ಲೋಡ್ ಕಾಣ್ತಿಲ್ಲ, ಮತ್ತೆ ಎಂತಕ್ಕೆ?

ಎಚ್‌ಐವಿ ಹತೋಟಿಯಲ್ಲಿಡುವ ಎಆರ್‌ಟಿ ಮಾತ್ರೆಗೆಂದು ಕಾರವಾರಕ್ಕೆ ಬರುವ ಹೆಂಗಸರಿಗೆ ಗರ್ಭಕೋಶದ ಬಾಯಿ (ಗರ್ಭಕಂಠ) ಪರೀಕ್ಷೆ ಮಾಡಿಸಿ ಅಂದಾಗಲೆಲ್ಲ ಇದೇ ಪ್ರಶ್ನೆ: "ಮಾತ್ರೆ ಒಂದು ದಿನವೂ ತಪ್ಪಿಸಿಲ್ಲ, ವೈರಲ್ ಲೋಡ್ ಕಾಣ್ತಿಲ್ಲ. ರಕ್ತದಲ್ಲೇ ಇಲ್ಲ ಅಂದ ಮೇಲೆ ಮತ್ತೆ ಎಂತಕ್ಕೆ?"

ಆ ರಿಪೋರ್ಟ್, ಅಂದರೆ ರಕ್ತದಲ್ಲಿ ವೈರಸ್ ಎಷ್ಟಿದೆ ಎಂಬ ಲೆಕ್ಕ, ಎಚ್‌ಐವಿಯದು. ನಾನು ಹೇಳುತ್ತಿರುವುದು ಎಚ್‌ಪಿವಿ, ಬೇರೆಯೇ ವೈರಸ್; ಲೈಂಗಿಕ ಸಂಪರ್ಕದಿಂದ ಹರಡಿ ಗರ್ಭಕಂಠದ ಕ್ಯಾನ್ಸರ್ ತರಬಲ್ಲದ್ದು. ಅದು ರಕ್ತದಲ್ಲಿ ಓಡಾಡುವುದಿಲ್ಲ, ಗರ್ಭಕಂಠದ ಪದರದ ತಳದ ಜೀವಕೋಶಗಳಲ್ಲಿ ಕೂತಿರುತ್ತದೆ. ನಿಮ್ಮ ಮಾತ್ರೆ ಅದನ್ನು ಕೊಲ್ಲುವುದಿಲ್ಲ, ಕೊಲ್ಲುವ ಬೇರೆ ಮಾತ್ರೆಯೂ ಇನ್ನೂ ಬಂದಿಲ್ಲ. ದೇಹವೇ ಓಡಿಸಬೇಕು. ಹೆಚ್ಚಿನವರಲ್ಲಿ ಒಂದೆರಡು ವರ್ಷದಲ್ಲಿ ಹೋಗುತ್ತದೆ, ಎಚ್‌ಐವಿ ಇದ್ದವರಲ್ಲಿ ಉಳಿದುಬಿಡುವುದು ಹೆಚ್ಚು. ಉಳಿದದ್ದು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15-20 ವರ್ಷ ಬೇಕು. ರೋಗನಿರೋಧಕ ಶಕ್ತಿ ಕುಗ್ಗಿದ್ದರೆ 5-10 ವರ್ಷ ಸಾಕು. ಎಚ್‌ಐವಿ ಇರುವ ಹೆಂಗಸರಿಗೆ ಗರ್ಭಕಂಠದ ಕ್ಯಾನ್ಸರ್ ಅಪಾಯ ಆರು ಪಟ್ಟು. ಮಾತ್ರೆಯಿಂದ ಆ ಅಪಾಯ ಇಳಿಯುತ್ತದೆ, ಬೇಗ ಶುರು ಮಾಡಿದಷ್ಟೂ ಒಳ್ಳೆಯದು. ಆದರೆ ಪೂರ್ತಿ ಹೋಗುವುದಿಲ್ಲ.

"ಯಾರಿಂದ ಬಂತು?" ಅಂತ ಕೇಳುವ ಗಂಡಂದಿರಿಗೆ ಒಂದೇ ಮಾತು: ಯಾವ ಪರೀಕ್ಷೆಯೂ ಅದನ್ನು ಹೇಳುವುದಿಲ್ಲ. ಎಚ್‌ಪಿವಿ ವರ್ಷಗಟ್ಟಲೆ ಸದ್ದಿಲ್ಲದೆ ಇರಬಲ್ಲದು. ಆ ಜಗಳ ಬಿಡಿ.

ಇದರ ಬದಲು "ಯಾವ ಪರೀಕ್ಷೆ, ಮತ್ತೆ ಯಾವಾಗ ಬರಬೇಕು?" ಅಂತ ಯಾರಾದರೂ ಕೇಳಬಾರದೇ!

ನಮ್ಮಲ್ಲಿ ಹೆಚ್ಚಾಗಿ ಮಾಡುವುದು ವಿಐಎ, ಅಂದರೆ ಆಮ್ಲ ಹಚ್ಚಿ ಕಣ್ಣಿನಿಂದಲೇ ನೋಡುವ ಪರೀಕ್ಷೆ. 3ರಿಂದ 5 ಶೇಕಡಾ ಅಸಿಟಿಕ್ ಆಮ್ಲದಲ್ಲಿ ಅದ್ದಿದ ಹತ್ತಿಯನ್ನು ಗರ್ಭಕಂಠಕ್ಕೆ ಒತ್ತಿ, ಒಂದು ನಿಮಿಷ ಕಾಯಬೇಕು. ಬದಲಾದ ಜೀವಕೋಶಗಳಿದ್ದರೆ ಆ ಜಾಗ, ಬೆಂದ ಮೊಟ್ಟೆಯ ಬಿಳಿಯ ಹಾಗೆ, ಅಂಚು ಎದ್ದು ಕಾಣುವಂತೆ ಬೆಳ್ಳಗಾಗುತ್ತದೆ. ಆ ಒಂದು ನಿಮಿಷ ಕಾಯದೆ ಅವಸರ ಮಾಡಿದರೆ ಕಾಣಬೇಕಾದದ್ದು ಕಾಣುವುದಿಲ್ಲ. ಮುಟ್ಟು ನಿಂತವರಲ್ಲಿ ನೋಡಬೇಕಾದ ಜಾಗವೇ ಒಳಗೆ ಸರಿದಿರುತ್ತದೆ, ಅವರಿಗೆ ವಿಐಎ ನಂಬುವಂತಿಲ್ಲ. ಅವರಿಗೆ ಎಚ್‌ಪಿವಿ ಡಿಎನ್‌ಎ ಪರೀಕ್ಷೆಯೇ ಸರಿ. ಇದರ ಮಾದರಿಯನ್ನು ಬ್ರಷ್‌ನಿಂದ ನೀವೇ ತೆಗೆದುಕೊಡಬಹುದು, ಸಂಕೋಚಪಡುವವರಿಗೆ ಅದೇ ಸುಲಭ.

ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿಯಂತೆ ಎಚ್‌ಐವಿ ಇರುವವರು 30ಕ್ಕಲ್ಲ, 25ಕ್ಕೇ ಶುರು ಮಾಡಬೇಕು. ಡಿಎನ್‌ಎ ಪರೀಕ್ಷೆ ನೆಗೆಟಿವ್ ಆದರೆ 3ರಿಂದ 5 ವರ್ಷಕ್ಕೊಮ್ಮೆ. ಶಿರಸಿಯವರು ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯಲ್ಲಿ ಒಂದನ್ನು ಬಿಟ್ಟು ಮುಂದಿನ ಜಾತ್ರೆಗೆ ಅಂತ ನೆನಪಿಟ್ಟುಕೊಂಡರೆ ಆಯಿತು. ವಿಐಎ ಆದರೆ 3 ವರ್ಷಕ್ಕೇ. ಡಿಎನ್‌ಎ ಪಾಸಿಟಿವ್ ಬಂದರೆ ಕ್ಯಾನ್ಸರ್ ಅಂತಲ್ಲ. ವಿಐಎ ಅಥವಾ ಕಾಲ್ಪಸ್ಕೋಪಿಯಲ್ಲಿ (ಗರ್ಭಕಂಠವನ್ನು ದೊಡ್ಡದಾಗಿ ತೋರಿಸುವ ಉಪಕರಣದಲ್ಲಿ) ನೋಡಿ, ಬೇಕಾದವರಿಗೆ ಮಾತ್ರ ಆ ಜಾಗವನ್ನು ಬಿಸಿ ಉಪಕರಣದಿಂದ ಸುಡುತ್ತಾರೆ. ಆಮೇಲೆ ಕೆಲವು ವಾರ ಯೋನಿಯಿಂದ ನೀರಿನಂತೆ ಹೋಗುತ್ತದೆ, ಗಾಬರಿ ಬೇಡ. ಒಂದು ತಿಂಗಳು ಲೈಂಗಿಕ ಸಂಪರ್ಕ ಬೇಡ.

ಹೆಚ್ಚಿನವರು ತಪ್ಪಿಸುವುದು ಸುಟ್ಟ ನಂತರದ ಪರೀಕ್ಷೆಗಳನ್ನು. ಎಚ್‌ಐವಿ ಇದ್ದವರಲ್ಲಿ ಆ ತೊಂದರೆ ಮರುಕಳಿಸುವುದು ಜಾಸ್ತಿ, ಹಾಗಾಗಿ 12 ತಿಂಗಳಿಗೆ ಡಿಎನ್‌ಎ ಪರೀಕ್ಷೆ, ಅದು ಸರಿಯಿದ್ದರೂ ಮತ್ತೊಂದು 12 ತಿಂಗಳಿಗೆ ಇನ್ನೊಮ್ಮೆ. ಎರಡೂ ಸರಿಯಿದ್ದರೆ ಮಾತ್ರ ಮಾಮೂಲಿ ಅವಧಿ.

ಎಚ್‌ಪಿವಿ ಲಸಿಕೆ ಹಾಕಿಸಿಕೊಂಡರೂ ಪರೀಕ್ಷೆ ಬಿಡುವಂತಿಲ್ಲ, ಒಳಗಿರುವ ಸೋಂಕನ್ನು ಲಸಿಕೆ ತೆಗೆಯುವುದಿಲ್ಲ. ಎಚ್‌ಐವಿ ಇರುವ ಹುಡುಗಿಯರಿಗೆ ಒಂದು ಡೋಸ್ ಸಾಲದು, ಸಾಧ್ಯವಿದ್ದಲ್ಲಿ ಮೂರು ಕೊಡಿಸಿ. ಗಂಡಸರೂ ಗುದದ್ವಾರದ ರಕ್ತವನ್ನು ಮೂಲವ್ಯಾಧಿ ಅಂತ ತಾವೇ ತೀರ್ಮಾನಿಸಬೇಡಿ. ಎಚ್‌ಪಿವಿ ಅಲ್ಲಿಯೂ ಕ್ಯಾನ್ಸರ್ ತರುತ್ತದೆ.

ಇನ್ನೊಂದು. ಊರಿನ ಶಿಬಿರದಲ್ಲಿ ಗುರುತಿನವರು ಇರುತ್ತಾರೆಂದು ಎಚ್‌ಐವಿ ವಿಷಯ ಮುಚ್ಚಿಟ್ಟರೆ ವಿಐಎ ಮಾಡಿ "5 ವರ್ಷ ಬಿಟ್ಟು ಬನ್ನಿ" ಅಂತ ಕಳಿಸುತ್ತಾರೆ, ಎಲ್ಲರಿಗೂ ಹೇಳುವ ಲೆಕ್ಕ ಅದು. ವಿಐಎಗೆ ನಿಮ್ಮದು 3 ವರ್ಷ. ಅಲ್ಲಿ ಹೇಳಲು ಮನಸ್ಸಿಲ್ಲದಿದ್ದರೆ ಮಾತ್ರೆ ಕೊಡುವ ಕೇಂದ್ರದಲ್ಲೇ ಕೇಳಿ ಪರೀಕ್ಷೆಗೆ ಚೀಟಿ ಬರೆಸಿಕೊಳ್ಳಿ. ನಿಮ್ಮ ಒಪ್ಪಿಗೆಯಿಲ್ಲದೆ ವಿಷಯ ಹೊರಗೆ ಹೇಳುವುದು 2017ರ ಎಚ್‌ಐವಿ ಕಾಯ್ದೆಯ ಪ್ರಕಾರ ತಪ್ಪು.