ಹತ್ತು ವರ್ಷ ತುಂಬುವ ಮೊದಲು 10ಸಿ ಹಾಕಿ ಪಿಂಚಣಿ ಹಣ ತೆಗೆಯಬೇಡಿ

ಮದ್ದೂರು, ಗೆಜ್ಜಲಗೆರೆ ಕಡೆಯ ಗಾರ್ಮೆಂಟ್ಸ್‌ನಲ್ಲೋ, ಮೈಸೂರಿನ ಹೆಬ್ಬಾಳ, ಮೇಟಗಳ್ಳಿಯ ಕಾರ್ಖಾನೆಯಲ್ಲೋ ಐದಾರು ವರ್ಷ ದುಡಿದು ಮದುವೆ, ಬಾಣಂತನ ಅಂತ ಕೆಲಸ ಬಿಟ್ಟವರು ಮೊದಲು ಪಿಎಫ್ ಬಿಡಿಸಿಕೊಳ್ಳಲು ಓಡುತ್ತಾರೆ. ಸೈಬರ್ ಸೆಂಟರ್‌ನಲ್ಲಿ ಫಾರಂ 19ರ ಜೊತೆ 10ಸಿಯನ್ನೂ ಹಾಕಿಬಿಡುವುದುಂಟು. ಮೊದಲನೆಯದು ಪಿಎಫ್ ಹಣಕ್ಕೆ, ಎರಡನೆಯದು ಪಿಂಚಣಿ ಹಣಕ್ಕೆ. 10ಸಿ ಹಣ ಕೈಗೆ ಬಂತೆಂದರೆ ಅಷ್ಟು ವರ್ಷದ ಸರ್ವಿಸ್ ಲೆಕ್ಕದಿಂದ ಹೋಯಿತು.

ನಿಮ್ಮ ಸಂಬಳದಲ್ಲಿ ಹಿಡಿಯುವ 12% ಪೂರ್ತಿ ಪಿಎಫ್‌ಗೆ ಸೇರುತ್ತದೆ. ಕಂಪನಿ ಕಟ್ಟುವ ಪಾಲಿನಲ್ಲಿ ಸಂಬಳದ 8.33% ಪಿಂಚಣಿಗೆ ಹೋಗುತ್ತದೆ. ಒಟ್ಟು 10 ವರ್ಷ ಸರ್ವಿಸ್ ಇದ್ದರೆ 58ಕ್ಕೆ ಪಿಂಚಣಿ ಶುರು. ಆರು ತಿಂಗಳು ಮೀರಿದ್ದನ್ನು ಒಂದು ವರ್ಷವೆಂದು ಎಣಿಸುವುದರಿಂದ ಒಂಬತ್ತೂವರೆ ವರ್ಷವಾದರೂ ಸಾಕು. ಈ ವರ್ಷಗಳು ಒಂದೇ ಕಂಪನಿಯಲ್ಲಿ ಆಗಿರಬೇಕಿಲ್ಲ.

ಲೆಕ್ಕ ಹೀಗಿದೆ: ಕೊನೆಯ 60 ತಿಂಗಳ ಸರಾಸರಿ ಸಂಬಳವನ್ನು (ಮಿತಿ 15,000) ಸರ್ವಿಸ್ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಿ. ಒಂದು ಕಡೆ 7 ವರ್ಷ, ಇನ್ನೊಂದು ಕಡೆ 5 ವರ್ಷ, ಸರಾಸರಿ 12,000 ಆದರೆ ತಿಂಗಳಿಗೆ 2,057 ರೂಪಾಯಿ, ಬದುಕಿರುವ ತನಕ. ಆಮೇಲೆ ಗಂಡನಿಗೋ ಹೆಂಡತಿಗೋ ಅರ್ಧ. ಮೊದಲ 7 ವರ್ಷದ್ದನ್ನು 10ಸಿಯಲ್ಲಿ ತೆಗೆದರೆ ಸಿಗುವುದು ಸುಮಾರು ಏಳು ತಿಂಗಳ ಸಂಬಳ. ಆಗಿನ ಸಂಬಳ 10,000 ಇದ್ದರೆ 70,000ದ ಆಸುಪಾಸು. ಪಿಂಚಣಿಯಾಗಿದ್ದರೆ ಅಷ್ಟು ಹಣ 34 ತಿಂಗಳಲ್ಲಿ ಬರುತ್ತಿತ್ತು. ತೆಗೆದ ಮೇಲೆ ಉಳಿಯುವುದು ಐದೇ ವರ್ಷ, ಅಂದರೆ ಪಿಂಚಣಿಯೇ ಇಲ್ಲ. ಕಷ್ಟಕ್ಕೆ ದುಡ್ಡು ಬೇಕೇ ಬೇಕೆಂದರೆ 19 ಹಾಕಿ ಪಿಎಫ್ ಹಣ ಮಾತ್ರ ತೆಗೆಯಿರಿ. ಪಿಂಚಣಿ ಭಾಗಕ್ಕೆ 10ಸಿಯಲ್ಲೇ ಹಣದ ಬದಲು ಸ್ಕೀಮ್ ಸರ್ಟಿಫಿಕೇಟ್ (ನಿಮ್ಮ ಸರ್ವಿಸ್ ಉಳಿಸುವ ದಾಖಲೆ) ಕೇಳಿ ಪಡೆದು ಜೋಪಾನ ಮಾಡಿ.

ಹೊಸ ಕೆಲಸಕ್ಕೆ ಸೇರಿದಾಗ ಹಳೆಯ ಯುಎಎನ್ (ಕಂಪನಿ ಬದಲಾದರೂ ಬದಲಾಗದ ಪಿಎಫ್ ನಂಬರ್) ಅನ್ನೇ ಕೊಡಿ. ವರ್ಗಾವಣೆಯಾದ ಮೇಲೆ ಪಾಸ್‌ಬುಕ್‌ನ ಪಿಂಚಣಿ ಕಾಲಂನಲ್ಲಿ ಸೊನ್ನೆ ಕಂಡರೆ ಗಾಬರಿ ಬೇಡ: ಅಲ್ಲಿ ದಾಟುವುದು ಹಣವಲ್ಲ, ಸರ್ವಿಸ್. ಅರ್ಜಿ ನಿಲ್ಲುವುದು ಹೆಚ್ಚಾಗಿ ಹೆಸರು, ಹುಟ್ಟಿದ ದಿನಾಂಕದ ವ್ಯತ್ಯಾಸಕ್ಕೆ. ಆಧಾರ್‌ನಲ್ಲಿ ಇನಿಷಿಯಲ್ ಹಿಂದೆ, ಪಿಎಫ್‌ನಲ್ಲಿ ಮುಂದೆ. ಒಂದರಲ್ಲಿ ತಂದೆಯ ಹೆಸರು, ಇನ್ನೊಂದರಲ್ಲಿ ಗಂಡನದು. ಕೆಲಸ ಬಿಟ್ಟ ದಿನಾಂಕವನ್ನು ಕಂಪನಿ ನಮೂದಿಸದಿದ್ದರೂ ಅಷ್ಟೇ. ಕಂಪನಿ ಬಾಗಿಲು ಮುಚ್ಚಿದ ಮೇಲೆ ಇದನ್ನೆಲ್ಲ ತಿದ್ದಿಸುವುದು ಬಹಳ ಕಷ್ಟ, ಕೆಲಸದಲ್ಲಿರುವಾಗಲೇ ಮುಗಿಸಿಕೊಳ್ಳಿ.

50 ದಾಟಿದರೆ ಬೇಗನೆಯೂ ಪಡೆಯಬಹುದು, ಆದರೆ 58ಕ್ಕೆ ಮೊದಲಿನ ಪ್ರತಿ ವರ್ಷಕ್ಕೂ 4% ಕಡಿತ, ಅದೂ ಕಾಯಂ.

ಈ ಪಿಂಚಣಿ ಬೆಲೆ ಏರಿದಂತೆ ಏರುವುದಿಲ್ಲ. ಹಾಗಾಗಿ ನಿವೃತ್ತಿಗೆ ಬಂದ ಪಿಎಫ್ ಗಂಟನ್ನು ಪೂರ್ತಿ ಮನೆ ಕಟ್ಟಲು ಸುರಿಯದೆ ಸ್ವಲ್ಪವಾದರೂ ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿಡಿ. 8.2% ಬಡ್ಡಿಯಲ್ಲಿ 3 ಲಕ್ಷಕ್ಕೆ ಮೂರು ತಿಂಗಳಿಗೊಮ್ಮೆ 6,150 ಬರುತ್ತದೆ. ಇಟ್ಟ ದಿನದ ದರ ಐದು ವರ್ಷ ಬದಲಾಗದು. ಸಾಮಾನ್ಯವಾಗಿ 60 ಆಗಿರಬೇಕು. 55 ದಾಟಿ ನಿವೃತ್ತರಾದವರು ಹಣ ಕೈಸೇರಿದ ಮೂರು ತಿಂಗಳೊಳಗೆ ಖಾತೆ ತೆರೆಯಬಹುದು. ಮೊದಲ ವರ್ಷದೊಳಗೆ ಮುಚ್ಚಿದರೆ ಬಡ್ಡಿಯೇ ಸಿಗುವುದಿಲ್ಲ.

58 ತುಂಬಿದಾಗ ಪಿಂಚಣಿಗೆ ಹಾಕಬೇಕಾದದ್ದು ಫಾರಂ 10ಡಿ. ಮಂಜೂರಾದ ಮೇಲೆ ವರ್ಷಕ್ಕೊಮ್ಮೆ ಜೀವನ ಪ್ರಮಾಣ ಪತ್ರ ಕೊಡಬೇಕು. ಪಿಎಫ್ ಪಿಂಚಣಿದಾರರು ಅದನ್ನು ಯಾವ ತಿಂಗಳಲ್ಲಾದರೂ ಕೊಡಬಹುದು, ಅಲ್ಲಿಂದ 12 ತಿಂಗಳು ಚಾಲ್ತಿ. ತಪ್ಪಿದರೆ ಪಿಂಚಣಿ ನಿಲ್ಲುತ್ತದೆ.