ಬೊನ್ವಿರೆಯ ಮಗ್ಗ, ಗುಳೇದಗುಡ್ಡದ ಟೈಲ್ಸ್

ಅಕ್ಕ ಮದುವೆಯಾಗಿ ಘಾನಾಕ್ಕೆ ಹೋಗಿ ಆರು ವರ್ಷವಾಯಿತು. ಭಾವನ ಕೆಲಸ ತೇಮಾ ಬಂದರಿನ ಹತ್ತಿರ, ಮನೆ ಅಕ್ರಾದಲ್ಲಿ. "ಬಾರೇ, ಬಾರೇ" ಅಂತ ಕರೆದು ಅವಳಿಗೂ ಸಾಕಾಗಿತ್ತು. ಕೊನೆಗೆ ಈ ಸಲ ಹದಿನೈದು ದಿನ ರಜೆ ಹಾಕಿ ಹೋದೆ. ಸಮುದ್ರ ನೋಡಿದೆ. ಕೇಪ್ ಕೋಸ್ಟಿನಲ್ಲಿ ಗುಲಾಮರನ್ನು ಕೂಡಿಹಾಕುತ್ತಿದ್ದ ಕೋಟೆ ನೋಡಿದೆ. ಅಲ್ಲಿನ ನೆಲಮಾಳಿಗೆಯ ಬಗ್ಗೆ ಬರೆಯಲು ನನ್ನಿಂದಾಗುವುದಿಲ್ಲ. ಉಳಿದ ದಿನಗಳು ಅಕ್ಕನ ಮನೆಯ ಸೋಫಾದ ಮೇಲೆ ಕಳೆದವು. ಬರೆಯಬೇಕು ಅನ್ನಿಸಿದ್ದು ಬಟ್ಟೆಯ ಬಗ್ಗೆ, ಅದರಲ್ಲೂ ಒಂದು ಬೆಳಗಿನ ಬಗ್ಗೆ.

ನಾನು ಇಳಿದ ಮರುದಿನ ಶುಕ್ರವಾರ. ದುಡ್ಡು ಬದಲಾಯಿಸಲು ಬ್ಯಾಂಕಿಗೆ ಹೋದರೆ ಕೌಂಟರಿನಲ್ಲಿದ್ದವರೆಲ್ಲ ಕಣ್ಣು ಕುಕ್ಕುವ ಹಳದಿ, ನೀಲಿ, ಕಿತ್ತಳೆ ಚಿತ್ತಾರದ ಅಂಗಿ ತೊಟ್ಟು ಕೂತಿದ್ದರು. ಮ್ಯಾನೇಜರಿಗೂ ಅದೇ. ಏನೋ ಹಬ್ಬ ಇರಬೇಕು ಅಂದುಕೊಂಡೆ. "ಹಬ್ಬ ಎಲ್ಲಿಂದ ಬಂತು, ಶುಕ್ರವಾರ ಅಲ್ವಾ!" ಅಂದರು ಭಾವ. ಕೋಟು ಟೈ ಬಿಟ್ಟು ವಾರಕ್ಕೊಂದು ದಿನವಾದರೂ ನಮ್ಮ ಬಟ್ಟೆ ಹಾಕಿ ಆಫೀಸಿಗೆ ಬನ್ನಿ ಅಂತ 2004ರಲ್ಲಿ ಸರ್ಕಾರವೇ ಶುರು ಮಾಡಿದ್ದಂತೆ. ಇಲ್ಲಿನ ಬಟ್ಟೆ ಗಿರಣಿಗಳು ಬದುಕಲಿ ಅನ್ನುವ ಲೆಕ್ಕಾಚಾರವೂ ಅದರ ಹಿಂದೆ ಇತ್ತು. ಈಗ ಯಾರೂ ಹೇಳಬೇಕಾಗಿಲ್ಲ, ಜನ ತಾವೇ ಹಾಕುತ್ತಾರೆ.

ಇನ್ನೊಂದು ವಿಷಯ ಗೊತ್ತಾಗಿದ್ದು ಮಕೋಲಾ ಮಾರುಕಟ್ಟೆಯಲ್ಲಿ. ನಾವೆಲ್ಲ ಆಫ್ರಿಕಾದ ಬಟ್ಟೆ ಅಂತ ಗುರುತಿಸುವ ಆ ಮೇಣದ ಅಚ್ಚಿನ ಬಟ್ಟೆ ಹುಟ್ಟಿನಿಂದ ಆಫ್ರಿಕಾದ್ದಲ್ಲ. ಜಾವಾದ ಬಾಟಿಕ್ ನೋಡಿ ಡಚ್ಚರು ಮಷಿನ್ನಿನಲ್ಲಿ ಮಾಡಿ, ಈ ಕರಾವಳಿಗೆ ತಂದು ಮಾರಿದ್ದು. 1846ರಲ್ಲಿ ಶುರುವಾದ ವ್ಲಿಸ್ಕೋ ಕಂಪನಿ ನೆದರ್ಲೆಂಡ್ಸಿನ ಹೆಲ್ಮಂಡ್ ಎಂಬ ಊರಿನದು. ತೇಮಾದ ಜಿಟಿಪಿ ಗಿರಣಿ ಕೂಡ ಅದೇ ಬಳಗಕ್ಕೆ ಸೇರಿದ್ದು. ಕೇಳಿ ನನಗೆ ಸ್ವಲ್ಪ ಪೆಚ್ಚೆನಿಸಿತು. ಅಂಗಡಿಯಾಕೆಗೆ ಹಾಗೇನೂ ಅನ್ನಿಸಿರಲಿಲ್ಲ. "ಅಚ್ಚು ಅವರದಿರಬಹುದು. ಹೆಸರಿಟ್ಟವರು ನಾವು. ಹೆಸರಿಲ್ಲದ ಬಟ್ಟೆ ಇಲ್ಲಿ ಯಾರು ತಗೊಳ್ತಾರೆ?" ಅಂದಳು. ಒಂದೊಂದೇ ಥಾನು ಎಳೆದು ಹಾಕಿದಳು. ಹಾರುವ ಹಕ್ಕಿಗಳಿದ್ದ ಬಟ್ಟೆಯ ಹೆಸರಿಗೆ 'ದುಡ್ಡಿಗೆ ರೆಕ್ಕೆ ಇದೆ' ಅಂತ ಅರ್ಥ. ಇನ್ನೊಂದರ ಹೆಸರು 'ಅಹ್ವೆನೆ ಪಾ ನ್ಕಾಸಾ', ಒಳ್ಳೆಯ ಮಣಿ ಸದ್ದು ಮಾಡುವುದಿಲ್ಲ. ನಮ್ಮ ತುಂಬಿದ ಕೊಡ ತುಳುಕುವುದಿಲ್ಲ ಗಾದೆಯನ್ನು ಯಾರೋ ಉಟ್ಟುಕೊಂಡು ಓಡಾಡಿದ ಹಾಗೆ. ಎರಡು ಅಂಗಿಗಾಗುವಷ್ಟು ತಗೊಂಡೆ.

ಅಲ್ಲಿಗೆ ಸುಮ್ಮನಾಗಿದ್ದರೆ ಚೆನ್ನಾಗಿತ್ತು. ಸಂಜೆ ಪ್ರವಾಸಿಗಳು ಓಡಾಡುವ ಇನ್ನೊಂದು ಕಡೆ "ಕೈಮಗ್ಗದ ಕೆಂಟೆ, ನನ್ನ ಅಣ್ಣನೇ ನೇಯ್ದದ್ದು" ಅಂತ ಒಬ್ಬ ಹುಡುಗ ಹಳದಿ-ಹಸಿರು ಶಾಲು ಹೊದಿಸಿಬಿಟ್ಟ. ಚೌಕಾಸಿ ಮಾಡಿ ಗೆದ್ದೆ ಅಂತ ಬೀಗುತ್ತಾ ಮನೆಗೆ ಬಂದೆ. ಒಗೆಯಲು ಹಾಕಿದರೆ ಹಳದಿ ಅಷ್ಟೂ ಭಾವನ ಮೂರು ಬಿಳಿ ಬನಿಯನ್ನಿಗೆ ಹತ್ತಿತು. ಅಚ್ಚು ಹಾಕಿದ ಪಾಲಿಯೆಸ್ಟರ್! ನೇಕಾರನ ಮಗಳು ನಾನು, ಮಗ್ಗದ ಸದ್ದಿಗೇ ನಿದ್ದೆ ಮಾಡಿ ಬೆಳೆದವಳು. ಅಕ್ಕ ಇವತ್ತಿಗೂ ನೆನಪಿಸಿ ನಗುತ್ತಾಳೆ. ಹೋಗುವವರಿಗೆ ಹೇಳಿಬಿಡುತ್ತೇನೆ: ಮೊದಲು ಬಟ್ಟೆ ತಿರುವಿ ನೋಡಿ. ಹಿಂಬದಿ ಪೇಲವವಾಗಿದ್ದರೆ ಅಲ್ಲೇ ಕೆಳಗಿಡಿ. ನಿಜವಾದ ಕೆಂಟೆ ಸುಮಾರು ನಾಲ್ಕು ಇಂಚು ಅಗಲದ ಉದ್ದುದ್ದ ಪಟ್ಟಿಗಳನ್ನು ಜೋಡಿಸಿ ಹೊಲಿದದ್ದು, ಹೊಲಿಗೆ ಬೆರಳಿಗೆ ಸಿಗಬೇಕು. ಮತ್ತೆ ಹಳದಿ ಜ್ವರದ ಲಸಿಕೆಯ ಕಾರ್ಡನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ. ನನ್ನದು ಚೆಕ್-ಇನ್ ಬ್ಯಾಗಿನಲ್ಲಿತ್ತು. ಅದರ ಕತೆ ಬೇಡ.

ಆ ಸಿಟ್ಟಿಗೇ ನಿಜವಾದ ಕೆಂಟೆ ನೇಯುವುದನ್ನು ನೋಡಲು ಕುಮಾಸಿ ಕಡೆ ಹೊರಟೆ ಅಂದರೂ ಸರಿ. ಅಕ್ರಾದಿಂದ ಸುಮಾರು 250 ಕಿಲೋಮೀಟರ್, ಬಸ್ಸಿನ ಎಸಿಯಲ್ಲಿ ಹಲ್ಲು ಕಟಕಟ. ದಾರಿಯಲ್ಲಿ ತಿಂದ ಕೆಂಕೆ ನನಗೆ ಸೇರಲಿಲ್ಲ. ಹುಳಿ ಬರಿಸಿದ ಮೆಕ್ಕೆಜೋಳದ ಹಿಟ್ಟಿನ ಮುದ್ದೆ ಅದು, ಜೋಳದ ರೊಟ್ಟಿ ತಿಂದ ನಾಲಗೆಗೆ ಆ ಹುಳಿ ಒಗ್ಗಲಿಲ್ಲ. ಆದರೆ ಶುಂಠಿ, ಖಾರ ಹಚ್ಚಿ ಕರಿದ ಬಾಳೆಹಣ್ಣು, ಕೆಲೆವೆಲೆ, ಅದನ್ನು ಎರಡು ಪೊಟ್ಟಣ ಮುಗಿಸಿದೆ. ಕುಮಾಸಿಯಲ್ಲಿ ಶನಿವಾರ. ಬೀದಿ ತುಂಬ ಕೆಂಪು, ಕಪ್ಪು ಬಟ್ಟೆ ಹೊದ್ದ ಜನ. ಶನಿವಾರಗಳಲ್ಲಿ ಸಾವಿನ ಕಾರ್ಯ ಮಾಡುತ್ತಾರಂತೆ. ಗಂಡಸರು ಎಡ ಹೆಗಲ ಮೇಲೆ ಬಟ್ಟೆ ಎಸೆದು, ಬಲ ಹೆಗಲು ಬಿಟ್ಟುಕೊಂಡು ನಡೆಯುವ ಠೀವಿ ನೋಡಬೇಕು. ಬಟ್ಟೆ ಜಾರುತ್ತಲೇ ಇರುತ್ತದೆ, ಅವರು ಎತ್ತಿ ಎಸೆಯುತ್ತಲೇ ಇರುತ್ತಾರೆ. ಅದೂ ಒಂದು ಚೆಂದ.

ಸೋಮವಾರ ಬೊನ್ವಿರೆಗೆ ಹೋದೆ. ಕುಮಾಸಿಯಿಂದ ಇಪ್ಪತ್ತು ಕಿಲೋಮೀಟರಿನ ಒಳಗೆ. ಟ್ರೋಟ್ರೋ ಅನ್ನುವ ವ್ಯಾನು, ನಮ್ಮ ಟೆಂಪೋದ ಅಣ್ಣತಮ್ಮ. ಬಾಗಿಲಲ್ಲಿ ಜೋತುಬಿದ್ದ ಹುಡುಗ ಊರಿನ ಹೆಸರು ಕೂಗುವ ಧಾಟಿಯೂ ನಮ್ಮದೇ. ಕೆಂಟೆ ಹುಟ್ಟಿದ್ದೇ ಇಲ್ಲಿ ಅನ್ನುತ್ತಾರೆ. ಇಬ್ಬರು ಗೆಳೆಯರು ಕಾಡಿನಲ್ಲಿ ಜೇಡ ಬಲೆ ನೇಯುವುದನ್ನು ನೋಡಿ ಕಲಿತರಂತೆ. 2024ರ ಡಿಸೆಂಬರಿನಲ್ಲಿ ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿಗೆ ಕೆಂಟೆ ನೇಯ್ಗೆಯೂ ಸೇರಿದೆ.

ಉದ್ದನೆಯ ಚಾವಣಿಯ ಕೆಳಗೆ ಸಾಲು ಮಗ್ಗಗಳು. ಒಳಗೆ ಕಾಲಿಟ್ಟಾಗ ಮೊದಲು ಕಿವಿಗೆ ಬಿದ್ದದ್ದು ಸದ್ದು. ಟಕ್, ಟಕಾ ಟಕ್. ಹೊಟ್ಟೆಯಲ್ಲಿ ಏನೋ ಆಯಿತು. ಈ ಸದ್ದು ಕೇಳಿ ಎಷ್ಟು ವರ್ಷವಾಗಿತ್ತೋ.

ಅರವತ್ತು ದಾಟಿದ ಒಬ್ಬರ ಪಕ್ಕ ಕೂತೆ. ನಮ್ಮ ಮಗ್ಗದ ಹಾಗೆ ಕಾಲು ಇಳಿಬಿಟ್ಟು ಕೂರುವ ಕುಣಿ ಅವರ ಮಗ್ಗಕ್ಕಿಲ್ಲ, ನಾಲ್ಕು ಕಂಬದ ಚೌಕಟ್ಟು ಅಷ್ಟೆ. ಹಾಸಿನ ಎಳೆಗಳು ಮುಂದೆ ಗಜಗಟ್ಟಲೆ ಚಾಚಿಕೊಂಡು, ತುದಿಯಲ್ಲಿ ಒಂದು ಭಾರದ ಕಲ್ಲಿಗೆ ಕಟ್ಟಿದ್ದವು. ನೇಯ್ದಂತೆಲ್ಲ ಕಲ್ಲು ನೆಲದ ಮೇಲೆ ಎಳೆದುಕೊಂಡು ಇಂಚಿಂಚೇ ಇವರ ಕಡೆ ಬರುತ್ತದೆ. ಕಾಲ ಕೆಳಗೆ ಹಲಗೆಯೂ ಇಲ್ಲ. ಹೆಬ್ಬೆರಳಿನ ಸಂದಿಯಲ್ಲಿ ಹಗ್ಗ ಸಿಕ್ಕಿಸಿಕೊಂಡು, ಒಂದು ಬೆರಳು ಬಗ್ಗಿಸಿದರೆ ಅರ್ಧ ಎಳೆ ಮೇಲೆ, ಇನ್ನೊಂದು ಬಗ್ಗಿಸಿದರೆ ಉಳಿದರ್ಧ. ಆ ಸಂದಿಯಲ್ಲಿ ಚರ್ಮ ಕೊರಡಿನಂತೆ ಗಟ್ಟಿಯಾಗಿತ್ತು.

ನಾನು ಬರುವ ಮೊದಲೇ ಅಲ್ಲೊಬ್ಬ ಅಮೆರಿಕದ ಹೆಂಗಸು ಕೂತಿದ್ದರು. ಕಪ್ಪು ಜನಾಂಗದವರು, ನಿವೃತ್ತ ಟೀಚರ್. ಮೊಮ್ಮಗನ ಪದವಿ ಸಮಾರಂಭಕ್ಕೆ ಹೆಗಲ ಮೇಲೆ ಹಾಕುವ ಕೆಂಟೆ ಪಟ್ಟಿ ಬೇಕಿತ್ತು. ಅಲ್ಲಿ ಕಪ್ಪು ಮಕ್ಕಳು ಗೌನಿನ ಮೇಲೆ ಅದನ್ನು ಹಾಕಿಕೊಳ್ಳುತ್ತಾರೆ. ಹಿರಿಯರು ನೇಯುತ್ತಲೇ ಕೇಳಿದರು, "ನೀವು ಹುಟ್ಟಿದ್ದು ಯಾವ ವಾರ?" ಅವರಿಗೆ ಗೊತ್ತಿರಲಿಲ್ಲ. ಮೊಬೈಲಿನಲ್ಲಿ ತಾರೀಖು ಹಾಕಿ ನೋಡಿದರು. ಬುಧವಾರ.

"ಹಾಗಾದರೆ ನೀವು ಅಕುವಾ."

ಬುಧವಾರ ಹುಟ್ಟಿದ ಹೆಣ್ಣಿಗೆ ಅವರಲ್ಲಿ ಇಡುವ ಹೆಸರು ಅದು. ಆಕೆ ಎರಡು ಸಲ ಮೆಲ್ಲಗೆ ಹೇಳಿಕೊಂಡರು, ಅಕುವಾ, ಅಕುವಾ. ಆಮೇಲೆ ನನ್ನ ಕಡೆ ತಿರುಗಿ, "ನಮ್ಮ ಮನೆತನದ ಲೆಕ್ಕ ನನ್ನ ಮುತ್ತಜ್ಜಿಗೆ ನಿಲ್ಲುತ್ತೆ. ಅದರ ಹಿಂದೆ ಒಡೆಯನ ಹೆಸರು ಮಾತ್ರ ಇದೆ" ಅಂದರು. ಏನು ಹೇಳಬೇಕೋ ತಿಳಿಯಲಿಲ್ಲ. ನಮ್ಮಲ್ಲಿ ಏಳು ತಲೆಮಾರು ಬಾಯಿಪಾಠ ಒಪ್ಪಿಸುವ ಅಜ್ಜಂದಿರಿದ್ದಾರೆ, ಕೇಳುವವರಿಲ್ಲ. ಇಷ್ಟೆಲ್ಲ ಆದ ಮೇಲೂ ಹಿರಿಯರು ಬೆಲೆಯಲ್ಲಿ ಒಂದು ಕಾಸು ಇಳಿಸಲಿಲ್ಲ. ಅಕುವಾ ಎಷ್ಟೇ ಎಳೆದಾಡಿದರೂ ನಗುತ್ತಲೇ ಇದ್ದರು.

ಆಕೆ ಹೋದ ಮೇಲೆ ಹಿರಿಯರು ನನಗೊಂದು ಕತೆ ಹೇಳಿದರು. 1957ರ ಕೊನೆಯಲ್ಲಿ ಆಗಿನ ಘಾನಾದ ಪ್ರಧಾನಿ ನ್ಕ್ರುಮಾ ಈಜಿಪ್ಟಿನ ಫಾತಿಯಾರನ್ನು ಮದುವೆಯಾದರು. ಆಗ ಒಂದು ಕೆಂಟೆಗೆ 'ಫಾತಿಯಾ ಫಾತಾ ನ್ಕ್ರುಮಾ' ಅಂತ ಹೆಸರು ಬಿತ್ತು. ನ್ಕ್ರುಮಾಗೆ ಫಾತಿಯಾ ತಕ್ಕವಳು ಅಂತ. 1966ರ ಫೆಬ್ರವರಿಯಲ್ಲಿ ಸೈನ್ಯ ನ್ಕ್ರುಮಾರನ್ನು ಅಧಿಕಾರದಿಂದ ಇಳಿಸಿತು. ಅದೇ ಬಟ್ಟೆ, ಅದೇ ಬಣ್ಣ, ಅದೇ ಎಳೆ. ಹೆಸರು ಮಾತ್ರ ಬದಲಾಯಿತು: 'ಒಬಾಕೊಫೊ ಮ್ಮು ಮಾನ್', ಒಬ್ಬನೇ ನಾಡು ಆಳಲಾರ.

"ನೇಯ್ದವರೇ ಬದಲಾಯಿಸಿದ್ರಾ?"

"ಮಗಳೇ, ಉಡುವವರು ಬದಲಾಯಿಸಿದ್ರು. ನಾವು ನೇಯ್ತಾ ಇದ್ವಿ."

ಆಮೇಲೆ ಅವರ ಸರದಿ. "ನಿಮ್ಮೂರಲ್ಲಿ ಏನು ನೇಯ್ತಾರೆ?" ಖಣ ಅಂದೆ. ರವಿಕೆ ಬಟ್ಟೆ, ಅಂಗಡಿಯಲ್ಲಿ ಮೂರು ಮೂಲೆ ಮಡಿಸಿ ಇಟ್ಟಿರುತ್ತಾರೆ. ಅದರ ಹೂವುಗಳಿಗೂ ಹೆಸರಿದೆ: ತೇರು, ಆನೆ ಹೆಜ್ಜೆ, ತೊಟ್ಟಿಲು. "ಮತ್ತೆ ನೀನೇಕೆ ಹಾಕಿಲ್ಲ?" ಜೀನ್ಸ್, ಟೀ ಶರ್ಟಿನಲ್ಲಿ ಕೂತಿದ್ದೆ. ಬೆಂಗಳೂರಿನಲ್ಲಿ ಖಣದ ಸೀರೆ ಈಗ ಫ್ಯಾಷನ್ನು, ಆದರೂ ನನ್ನ ಹತ್ತಿರ ಒಂದೂ ಇಲ್ಲ. ಮಾತು ತೇಲಿಸಿ ಮೊಬೈಲಿನಲ್ಲಿ ಅವ್ವನ ಫೋಟೋ ತೋರಿಸಿದೆ. ಅವರು ಅವ್ವನ ಮುಖ ಬಿಟ್ಟು ಸೀದಾ ತೋಳಿನ ಅಂಚಿಗೆ ಬೆರಳಿಟ್ಟು ದೊಡ್ಡದು ಮಾಡಿದರು. "ಇದಕ್ಕೆ ಲಾಳಿ ಎಷ್ಟು?"

ನನಗೆ ಗೊತ್ತಿರಲಿಲ್ಲ. ಅಪ್ಪನಿಗೆ ವಿಡಿಯೋ ಕಾಲ್ ಮಾಡಿದೆ. ಅಲ್ಲಿ ಬೆಳಗ್ಗೆ ಹನ್ನೊಂದು, ಗುಳೇದಗುಡ್ಡದಲ್ಲಿ ಸಂಜೆ ನಾಲ್ಕೂವರೆ. ಅಪ್ಪ ಚಹಾ ಬಟ್ಟಲು ಕೆಳಗಿಟ್ಟು ಕನ್ನಡಕ ಹಾಕಿಕೊಂಡರು. ಒಬ್ಬರ ಭಾಷೆ ಒಬ್ಬರಿಗೆ ಬಾರದು. ನಾನು ನಡುವೆ ಅನುವಾದ ಮಾಡಲು ಹೋದರೆ ಇಬ್ಬರಿಗೂ ಅದು ಬೇಕಾಗಿರಲಿಲ್ಲ. ಇವರು ಲಾಳಿ ಎತ್ತಿ ತೋರಿಸಿದರು, ಅಪ್ಪ "ಹೂಂ" ಅಂದರು. ಇವರು ಹಣಿಗೆ ಬಡಿದು ತೋರಿಸಿದರು, ಅಪ್ಪ ಫೋನಿಗೆ ಕಿವಿ ಹಚ್ಚಿದರು. ನಾನು ಕ್ಯಾಮೆರಾ ಕಾಲಿಗೆ ಹಿಡಿದೆ.

"ಕಾಲ್ಬೆರಳಾಗ ಹಗ್ಗ ಹಿಡದಾರ?" ಅಪ್ಪನ ದನಿ ಏರಿತು. "ಏ ಇವಳೇ, ಬಾ ಇಲ್ಲೆ, ನೋಡ ಬಾ!"

ಅವ್ವನೂ ಬಂದಳು. "ಕಂಡಿಕಿ ಯಾರು ಸುತ್ತತಾರ ಅವರಿಗೆ?" ಲಾಳಿಯೊಳಗೆ ಇಡುವ ನೂಲಿನ ಸುರುಳಿ, ಕಂಡಿಕಿ. ಅದು ಅವಳ ಪ್ರಶ್ನೆ. ಮೂವತ್ತು ವರ್ಷ ಸುತ್ತಿದವಳು, ಬೇರೇನು ಕೇಳಿಯಾಳು? ಮಕ್ಕಳು ಸುತ್ತುತ್ತಾರೆ ಅಂದರು ಹಿರಿಯರು. ಮೊದಲು ಹೆಂಗಸರು ಮಗ್ಗಕ್ಕೆ ಕೂರುತ್ತಿರಲಿಲ್ಲವಂತೆ. ಈಗ ಕೆಲವರು ಕೂರುತ್ತಾರೆ ಅಂತ ಮೂಲೆಯ ಮಗ್ಗದ ಹುಡುಗಿಯ ಕಡೆ ಗದ್ದ ತೋರಿಸಿದರು.

"ನಿಮ್ಮ ಮಗ್ಗ ತೋರಿಸಿ" ಅಂದರು ಆಮೇಲೆ.

ಈ ಮಾತನ್ನು ಅಪ್ಪನಿಗೆ ದಾಟಿಸಲು ನನಗೆ ಮನಸ್ಸಿರಲಿಲ್ಲ. ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಫೋನು ತಿರುಗಿಸಿ ಪಡಸಾಲೆಯ ನೆಲ ತೋರಿಸಿದರು. ಹೊಳೆಯುವ ಟೈಲ್ಸ್, ಮೇಲೆ ಟಿವಿ ಸ್ಟ್ಯಾಂಡ್. ಕುಣಿ ಮುಚ್ಚಿಸಿ ಟೈಲ್ಸ್ ಹಾಕಿಸಿದ್ದು ನಾನೇ, ನನ್ನ ಮೊದಲ ಬೋನಸ್ಸಿನಲ್ಲಿ. "ಇಲ್ಲೇ ಇತ್ತು ಅಂತ ಹೇಳವ್ವ ಅವರಿಗೆ" ಅಂದರು. ಹಿರಿಯರು ಆ ಟೈಲ್ಸನ್ನು, ಅವ್ವನ ತೋಳಿನ ಅಂಚನ್ನು ನೋಡಿದಷ್ಟೇ ಗಮನವಿಟ್ಟು ನೋಡಿದರು. ಏನೂ ಹೇಳಲಿಲ್ಲ. ಹಗ್ಗವನ್ನು ಮತ್ತೆ ಬೆರಳಿಗೆ ಸಿಕ್ಕಿಸಿಕೊಂಡರು.

ದೊಡ್ಡ ಕೆಂಟೆ ಕೊಳ್ಳುವಷ್ಟು ದುಡ್ಡು ನನ್ನ ಹತ್ತಿರ ಇರಲಿಲ್ಲ. ಇಪ್ಪತ್ತನಾಲ್ಕು ಪಟ್ಟಿ ಸೇರಿದರೆ ಒಬ್ಬ ಗಂಡಸಿನ ಬಟ್ಟೆ. ನಾನು ಒಂದೇ ಒಂದು ಪಟ್ಟಿ ತಂದೆ. ಪೂರ್ತಿ ಬೆಲೆ ಕೊಟ್ಟೆ, ಚೌಕಾಸಿ ಮಾಡಲು ಬಾಯಿ ಬರಲಿಲ್ಲ.

ಊರಿಗೆ ಹೋದ ದಿನ ಅಪ್ಪ ಕೈ ತೊಳೆದುಕೊಂಡು ಬಂದು ಕಿಟಕಿಯ ಬೆಳಕಿನಲ್ಲಿ ಅದನ್ನು ಬಿಚ್ಚಿದರು. ಬಣ್ಣದ ಬಗ್ಗೆ ಒಂದು ಮಾತಿಲ್ಲ. ಹೆಬ್ಬೆರಳಿನಿಂದ ಅಂಚು ತೀಡಿದರು. ತಿರುವಿದರು. ಮತ್ತೆ ತಿರುವಿದರು.

"ಹಿಂದ ಮುಂದ ಎರಡೂ ಒಂದ ಐತಿ ನೋಡು" ಅಂದರು ಅವ್ವನಿಗೆ.