ವ್ಯಾನಿಗೆ ಕೈಯಿಂದಲೇ ಬಣ್ಣ: ಎಡಬದಿ ಮುಗಿಯಿತು

ಕ್ಯಾಂಪರ್ ವ್ಯಾನಿನ ಚಾವಣಿ, ಎಡಬದಿ ಎರಡೂ ಮುಗಿದಿವೆ. ಬಲಬದಿ ಇನ್ನೂ ಪ್ರೈಮರ್‌ನಲ್ಲೇ, ಅಂದರೆ ಬಣ್ಣಕ್ಕೆ ಮುಂಚಿನ ಅಡಿಲೇಪದಲ್ಲೇ, ನಿಂತಿದೆ. ಸ್ಪ್ರೇ ಗನ್ ಇಲ್ಲ. 4 ಇಂಚಿನ ಫೋಮ್ ರೋಲರ್, ಮೆತ್ತನೆಯ ಬ್ರಷ್, ಸಿಂಥೆಟಿಕ್ ಎನಾಮೆಲ್, ನೀರು ಹಾಕಿ ಉಜ್ಜುವ ಉಜ್ಜುಕಾಗದ ಅಂದರೆ ವಾಟರ್ ಪೇಪರ್ ಒಂದು ರಾಶಿ, ಇಷ್ಟೇ ಸಾಮಾನು.

ಎನಾಮೆಲ್ ನಿಧಾನಕ್ಕೆ ಒಣಗುತ್ತದೆ. ಕೈಯಿಂದ ಬಳಿಯುವವರಿಗೆ ಅದೇ ಬೇಕು. ಮೊದಲು ಅದರ ತಿನ್ನರ್ ಆವಿಯಾಗುತ್ತದೆ. ಆಮೇಲೆ ಗಾಳಿಯ ಆಮ್ಲಜನಕ ಹೀರಿಕೊಂಡು ಗಟ್ಟಿಯಾಗುತ್ತದೆ. ಅಷ್ಟರೊಳಗೆ ರೋಲರ್ ಬಿಟ್ಟ ಉಬ್ಬುತಗ್ಗು ತಾನಾಗಿಯೇ ಹರಿದು ಮಟ್ಟವಾಗುತ್ತದೆ. ಹಾರ್ಡನರ್ ಬೆರೆಸುವ ಟೂ-ಕೆ ಪೇಂಟ್ ಇದಕ್ಕಿಂತ ಗಟ್ಟಿ, ನಿಜ. ಆದರೆ ಆ ಹಾರ್ಡನರ್‌ನಲ್ಲಿ ಐಸೋಸಯನೇಟ್ ಇರುತ್ತದೆ. ಅದು ಶ್ವಾಸಕೋಶಕ್ಕೆ ಕೆಟ್ಟದ್ದು. ಶೆಡ್ಡಿನಲ್ಲಿ ಅದರ ಸಹವಾಸ ಬೇಡ ಅನ್ನಿಸಿತು.

ಹೊತ್ತು ಜಾಸ್ತಿ ತಿಂದಿದ್ದು ತಯಾರಿ. ಉಜ್ಜುವ ಮೊದಲೇ ಹಳೇ ಮೇಣ, ಜಿಡ್ಡು ಎಲ್ಲ ತೆಗೆಯಬೇಕು. ಇಲ್ಲದಿದ್ದರೆ ಪೇಪರ್ ಅದನ್ನು ಗೀರುಗಳ ಒಳಕ್ಕೆ ತುಂಬಿಬಿಡುತ್ತದೆ. ಸಿಲಿಕೋನ್ ಪಾಲಿಶ್ ಚೂರು ಉಳಿದರೂ ಸಾಕು, ಬಣ್ಣ ಅಲ್ಲಿ ನಿಲ್ಲದೆ ಸಣ್ಣ ಗುಳಿಗಳು ಬೀಳುತ್ತವೆ. ತುಕ್ಕು ಇದ್ದಲ್ಲಿ ಲೋಹ ಕಾಣುವವರೆಗೆ ಕೆರೆದು, ಪ್ರೈಮರ್, ಪುಟ್ಟಿ, ಮತ್ತೆ ಪ್ರೈಮರ್. ಅದರ ಮೇಲೆ ಕಪ್ಪು ಸ್ಪ್ರೇಯನ್ನು ದೂರದಿಂದ ತೆಳ್ಳಗೆ ಉದುರಿಸಿ, ಬ್ಲಾಕ್‌ಗೆ ಪೇಪರ್ ಸುತ್ತಿ ಉಜ್ಜಿದೆ. ಕಪ್ಪು ಎಲ್ಲಿ ಉಳಿಯಿತೋ ಅಲ್ಲಿ ತಗ್ಗಿದೆ ಅಂತ ಅರ್ಥ. ಕಣ್ಣಿಗೆ ಕಾಣದ ಸೊಟ್ಟವೆಲ್ಲ ಆಗ ಹೊರಗೆ ಬರುತ್ತವೆ.

ಇನ್ನು ಬಳಿಯುವುದು. ಬಣ್ಣಕ್ಕೆ ಅದರ ಹತ್ತನೇ ಒಂದು ಭಾಗದಷ್ಟು ಮಿನರಲ್ ಟರ್ಪೆಂಟೈನ್ ಬೆರೆಸಿ, ಹಳೇ ನೈಲಾನ್ ಕಾಲುಚೀಲದಲ್ಲಿ ಸೋಸಿದೆವು. ನಾನು ರೋಲರ್, ತಂಗಿ ಬ್ರಷ್. ನಾನು ಒಂದು ಪಟ್ಟಿಯಷ್ಟು ಅಗಲಕ್ಕೆ ತೆಳುವಾಗಿ ಉರುಳಿಸಿ ಮುಂದಕ್ಕೆ ಹೋಗುತ್ತೇನೆ. ಅವಳು ಹಿಂದೆಯೇ ಬಂದು ಬ್ರಷ್ಷಿನ ತುದಿಯನ್ನು ಸುಮ್ನೆ ತಾಗಿಸಿ ಮೇಲಿಂದ ಕೆಳಕ್ಕೆ ಒಂದೇ ಸಲ ಎಳೆಯುತ್ತಾಳೆ. ಗುಳ್ಳೆ ಒಡೆಯುತ್ತದೆ, ರೋಲರ್ ಗುರುತು ಹೋಗುತ್ತದೆ. ಹಿಂದಿನ ಪಟ್ಟಿಯ ಅಂಚು ಹಸಿಯಾಗಿದ್ದಾಗಲೇ ಮುಂದಿನದು ಬಂದು ಸೇರಬೇಕು. ಅದಕ್ಕೇ ಇಬ್ಬರು ಇರಬೇಕು, ಬಿಸಿಲಂತೂ ಬೀಳಲೇಬಾರದು. ಕಾದ ತಗಡಿನ ಮೇಲೆ ಬಣ್ಣಕ್ಕೆ ಹರಿಯಲು ಪುರುಸೊತ್ತೇ ಸಿಗುವುದಿಲ್ಲ.

ಒಮ್ಮೆ ಎಳೆದ ಮೇಲೆ ಮುಟ್ಟಬಾರದು. ಕೂದಲು ಬಿದ್ದಿದೆಯಾ? ಇರಲಿ. ನೊಣ ಕೂತಿದೆಯಾ? ಅದೂ ಇರಲಿ. ಒಣಗಿದ ಮೇಲೆ ಉಜ್ಜಿ ತೆಗೆದರಾಯಿತು. ಅರೆ ಒಣಗಿದ ಬಣ್ಣದ ಮೇಲೆ ಬ್ರಷ್ ಆಡಿಸಿದರೆ ಆ ಗೆರೆ ಹಾಗೇ ಕೂರುತ್ತದೆ. ತಂಗಿಗೆ ಈ ಸಂಯಮ ನನಗಿಂತ ಜಾಸ್ತಿ, ಅದಕ್ಕೇ ಬ್ರಷ್ ಅವಳ ಕೈಯಲ್ಲಿ.

ಮೊದಲ ಕೋಟ್ ನೋಡಿದವರು ಹೆದರುವುದು ಸಹಜ. ಕೆಳಗಿನ ಪ್ರೈಮರ್ ಅಲ್ಲಲ್ಲಿ ಇಣುಕುತ್ತಿರುತ್ತದೆ. ಅದನ್ನು ಮುಚ್ಚೋಣ ಅಂತ ದಪ್ಪಗೆ ಬಳಿದರೆ ಬಣ್ಣ ಜಾರಿ ಇಳಿಯುತ್ತದೆ, ಮೇಲೆ ಕೆನೆಗಟ್ಟಿ ಒಳಗೆ ಹಸಿಯೇ ಉಳಿಯುತ್ತದೆ. ಪ್ರತಿ ಕೋಟ್ ಪೂರ್ತಿ ಒಣಗಿದ ಮೇಲೆ 600 ನಂಬರ್ ವಾಟರ್ ಪೇಪರ್ (ನಂಬರ್ ಹೆಚ್ಚಿದಷ್ಟೂ ಪೇಪರ್ ನುಣುಪು), ಸೋಪು ನೀರು. ಉಜ್ಜಿದ ಜಾಗವೆಲ್ಲ ಮಂಕಾಗಬೇಕು, ಹೊಳೆಯುತ್ತಾ ಉಳಿದ ಚುಕ್ಕೆಗಳೇ ತಗ್ಗು. ಕೊನೆಯ ಕೋಟಿಗೆ ಮುಂಚೆ 800. ಟಾರ್ಚನ್ನು ತಗಡಿಗೆ ಓರೆಯಾಗಿ ಹಿಡಿದು ನೋಡಿದರೆ ಎಲ್ಲ ಗೊತ್ತಾಗುತ್ತದೆ.

ತೆಳು ಕೆನೆಬಣ್ಣ ಬಳಿದಿದ್ದರಿಂದ ಸಣ್ಣಪುಟ್ಟ ಅಲೆ ಕಣ್ಣಿಗೆ ಬೀಳುವುದಿಲ್ಲ. ಕಡುನೀಲಿ ಆಗಿದ್ದರೆ ಒಂದನ್ನೂ ಬಿಡುತ್ತಿರಲಿಲ್ಲ. ಹತ್ತಿರ ಹೋಗಿ ನೋಡಿದರೆ ಎಡಬದಿಯಲ್ಲಿ ಇನ್ನೂ ಸ್ವಲ್ಪ ತರಿ ಇದೆ. ಅದಕ್ಕೆ 1500, 2000 ನಂಬರ್ ಪೇಪರ್, ಆಮೇಲೆ ಪಾಲಿಶ್. ಆದರೆ ಎನಾಮೆಲ್ ಒಳಗಿನವರೆಗೂ ಗಟ್ಟಿಯಾಗಲು ವಾರಗಟ್ಟಲೆ ಬೇಕು. ಅಲ್ಲಿಯವರೆಗೆ ಬಲಬದಿ. ಅಲ್ಲಿ ಜಾರುಬಾಗಿಲಿದೆ, ಅದರ ಹಳಿಯ ಸಂದಿಯಲ್ಲಿ ರೋಲರ್ ಹೋಗುವುದಿಲ್ಲ. ಬಾಗಿಲನ್ನೇ ಕಳಚಿ ಮಲಗಿಸಿ ಬಳಿಯಬೇಕು. ಮಲಗಿಸಿದರೆ ಬಣ್ಣ ಇಳಿಯುವ ಭಯವೂ ಇಲ್ಲ, ಧೂಳು ಮಾತ್ರ ಜಾಸ್ತಿ ಕೂರುತ್ತದೆ.